ಹಂದಿ ಯಾರದು, ಬಿದ್ದ ನೆಲ ಯಾರದು?

ಹೆಬ್ಬಾಳದ ಹಳೆಯ ಬಡಾವಣೆಯೊಂದರಲ್ಲಿ ಒಂದು ಬೆಳಿಗ್ಗೆ ಹೆಗ್ಗಣವೊಂದು ಸತ್ತುಬಿತ್ತು. ಬಲಗಡೆ ಮನೆಯವರ ನಾಯಿ ಅದನ್ನು ಮೋರಿಯಿಂದಲೇ ಅಟ್ಟಿಸಿಕೊಂಡು ಬಂದು, ಕಾಂಪೌಂಡು ಕುಸಿದಿದ್ದ ಕಡೆ ನುಸುಳಿ, ಎಡಗಡೆ ಮನೆಯವರ ದಾಸವಾಳದ ಪಾತಿಯಲ್ಲಿ ಹಿಡಿದು ಕೊಡವಿತ್ತು. ನಾಯಿ ಕೆಲಸ ಮುಗಿಸಿ ಮನೆಗೆ ಹೋಯಿತು. ಹೆಗ್ಗಣ ಅಲ್ಲೇ ಉಳಿಯಿತು.

“ಹಿಡಿದಿದ್ದು ನಿಮ್ಮ ನಾಯಿ ಸ್ವಾಮಿ. ನೀವೇ ತೆಗೀಬೇಕು.”

“ಬಿದ್ದಿರೋದು ಯಾರ ಜಾಗದಲ್ಲಿ ನೋಡಿ. ನೀವೇ ಎಸೀರಿ.”

“ಓಡಿಸ್ಕೊಂಡು ಬಂದೋರು ಯಾರು?”

“ಬಿಲ ಸಾಕ್ಕೊಂಡಿರೋರು ಯಾರು?”

ಹತ್ತು ನಿಮಿಷದಲ್ಲಿ ಮಾತು ಹೆಗ್ಗಣವನ್ನು ಬಿಟ್ಟು ಕಾಂಪೌಂಡಿಗೆ ಬಂತು. ಕಾಂಪೌಂಡಿನಿಂದ ಒಂಬತ್ತು ಇಂಚಿಗೆ, ಒಂಬತ್ತು ಇಂಚಿನಿಂದ ಚಕ್ಕುಬಂದಿಗೆ. ಒಬ್ಬರು ಒಳಗೆ ಹೋಗಿ ಕ್ರಯಪತ್ರದ ಜೆರಾಕ್ಸ್ ತಂದರು, ಇನ್ನೊಬ್ಬರು ಸರ್ವೆಯರನ್ನೇ ಕರೆಸುತ್ತೇನೆ ಎಂದರು. ಕೊನೆಗೆ ಕಸದ ಆಟೋ ಬಂತು. ಅದರಲ್ಲಿದ್ದ ಹೆಂಗಸು ಇಬ್ಬರ ಮುಖವನ್ನೂ ಒಮ್ಮೆ ನೋಡಿ, “ಬಿಡಿ ಸಾರ್, ನಾನು ಹಾಕ್ಕೊಂಡು ಹೋಗ್ತೀನಿ” ಎಂದು ಸಲಿಕೆಯಲ್ಲಿ ಎತ್ತಿ ಗಾಡಿಗೆ ಹಾಕಿದಳು. ಎರಡು ಬಾಗಿಲುಗಳೂ ಮುಚ್ಚಿಕೊಂಡವು. ಒಂಬತ್ತು ಇಂಚು ಮಾತ್ರ ಈಗಲೂ ಹಾಗೇ ಇದೆ.

ಎದುರಿನ ಫುಟ್‌ಪಾತಿನಲ್ಲಿ ನಿಂತಿದ್ದ ನನಗೆ ಒಳಗೊಳಗೇ ನಗು. ಈ ಇಬ್ಬರು ಹಿರಿಯರು ತಮಗೆ ಗೊತ್ತಿಲ್ಲದೆಯೇ ಬಲು ಹಳೆಯ ವ್ಯಾಜ್ಯವೊಂದನ್ನು ತಲೆಕೆಳಗು ಮಾಡಿ ವಾದಿಸುತ್ತಿದ್ದರು. ಹಂದಿಯೋ ಜಿಂಕೆಯೋ ಆಗಿದ್ದರೆ ಇಬ್ಬರೂ ‘ನನ್ನದು’ ಎನ್ನುತ್ತಿದ್ದರು. ಹೆಗ್ಗಣವಾದ್ದರಿಂದ ‘ನಿಮ್ಮದು’ ಎಂದರು, ಅಷ್ಟೇ. ವಾದದ ಎರಡು ಕಾಲುಗಳು ಮಾತ್ರ ಅವೇ. ಹೊಡೆದವನದು ಎಂಬುದು ಒಂದು, ನೆಲದವನದು ಎಂಬುದು ಇನ್ನೊಂದು.

ಈ ವ್ಯಾಜ್ಯದ ಮೊದಲ ಕಡತ ಮಹಾಭಾರತದ ವನಪರ್ವದಲ್ಲಿದೆ. ಅಸ್ತ್ರಕ್ಕಾಗಿ ತಪಸ್ಸು ಮಾಡುತ್ತಿದ್ದ ಅರ್ಜುನನ ಮೇಲೆ ಮೂಕನೆಂಬ ದಾನವ ಹಂದಿಯಾಗಿ ನುಗ್ಗುತ್ತಾನೆ. ಅರ್ಜುನ ಗಾಂಡೀವ ಎತ್ತುತ್ತಾನೆ. ಅಷ್ಟರಲ್ಲಿ ಬೇಡರವನೊಬ್ಬ ಬಂದು, ತಡೆ, ಇದಕ್ಕೆ ನಾನು ಮೊದಲೇ ಗುರಿ ಹಿಡಿದಿದ್ದೇನೆ ಎನ್ನುತ್ತಾನೆ. ಅರ್ಜುನ ಕಿವಿಗೆ ಹಾಕಿಕೊಳ್ಳುವುದಿಲ್ಲ. ಎರಡು ಬಾಣಗಳು ಒಟ್ಟಿಗೇ ನೆಡುತ್ತವೆ. ಹಂದಿ ಬಿದ್ದ ಮೇಲೆ ಜಗಳ ಶುರು. ನೀನು ಬೇಟೆಯ ಧರ್ಮ ಮೀರಿದೆ ಎನ್ನುವುದು ಅರ್ಜುನನ ತಕರಾರು. ಮೊದಲು ಗುರಿ ಹಿಡಿದವನೂ ನಾನೇ, ಕೊಂದದ್ದೂ ನನ್ನ ಬಾಣವೇ, ಅಲ್ಲದೆ ಈ ಕಾಡು ನಮ್ಮಂಥವರು ಬಾಳುವ ನೆಲ, ನೀನೇಕೆ ಇಲ್ಲಿಗೆ ಬಂದೆ ಎನ್ನುವುದು ಕಿರಾತನ ಉತ್ತರ.

ವಕೀಲರ ಕಣ್ಣಿನಿಂದ ನೋಡಿದರೆ ಕಿರಾತನ ಕೇಸು ಗಟ್ಟಿ. ಅವನ ಕೈಯಲ್ಲಿ ಬಾಣವೂ ಇದೆ, ನೆಲವೂ ಇದೆ. ಅರ್ಜುನನ ಬಳಿ ಬಾಣ ಮಾತ್ರ. ಆ ಕಾಡಿನಲ್ಲಿ ಅವನು ಹೊರಗಿನವನು. ಮಾತಿನಲ್ಲಿ ಮುಗಿಯದ ವ್ಯಾಜ್ಯ ಮುಷ್ಟಿಯಲ್ಲಿ ಮುಗಿಯಿತು, ಎದುರು ಪಕ್ಷದವನು ಈಶ್ವರನೇ ಎಂದು ತಿಳಿಯಿತು, ಅರ್ಜುನನಿಗೆ ಪಾಶುಪತ ಸಿಕ್ಕಿತು. ಸೋತವನಿಗೆ ಇಷ್ಟು ಲಾಭವಾದ ಇನ್ನೊಂದು ಗಡಿ ಜಗಳವನ್ನು ನಾನು ಕೇಳಿಲ್ಲ.

ಭಾರವಿ ಇದೇ ಕತೆಯನ್ನು ಸಂಸ್ಕೃತದಲ್ಲಿ ಮಹಾಕಾವ್ಯ ಮಾಡಿದಾಗ ಜಗಳವನ್ನು ಇನ್ನೂ ಸೂಕ್ಷ್ಮ ಮಾಡಿದ. ಅಲ್ಲಿ ಶಿವನ ದೂತನೊಬ್ಬ ಬಂದು, ಹಂದಿಯ ಮೈಯಿಂದ ನೀನು ತೆಗೆದುಕೊಂಡ ಬಾಣ ನಮ್ಮ ಒಡೆಯನದು, ಕೊಡು ಎನ್ನುತ್ತಾನೆ. ಹಂದಿ ಹಿಂದಕ್ಕೆ ಸರಿದು ಬಾಣವೇ ಮುಂದಾಗುತ್ತದೆ; ಸಾಕ್ಷ್ಯ ಯಾರದು ಎಂಬ ಪ್ರಶ್ನೆಗೆ ಸರ್ಗಗಟ್ಟಲೆ ಮಾತು. ಈ ಭಾರವಿಗೂ ನಮ್ಮ ನೆಲಕ್ಕೂ ನಂಟು ಹಳೆಯದು. ಕ್ರಿ.ಶ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿನಲ್ಲಿ ನಿಲ್ಲಿಸಿಕೊಂಡಿದ್ದಾನೆ. ಅದಕ್ಕೂ ಮೊದಲು ಗಂಗರ ದೊರೆ ದುರ್ವಿನೀತ ಈ ಕಾವ್ಯದ 15ನೆಯ ಸರ್ಗಕ್ಕೆ ಟೀಕೆ ಬರೆದನೆಂದು ಗಂಗರ ತಾಮ್ರಪಟಗಳು ಹೇಳುತ್ತವೆ. ಯುದ್ಧದ ಸರ್ಗ ಅದು, ಪದಗಳ ಕಸರತ್ತಿಗೆ ಹೆಸರಾದದ್ದು. ಮುಂದೆ ಕುಮಾರವ್ಯಾಸನೂ ಈ ಪ್ರಸಂಗವನ್ನು ಕೈಬಿಡಲಿಲ್ಲ. ಕರಾವಳಿಯ ಯಕ್ಷಗಾನದಲ್ಲಿ ‘ಶಬರಾರ್ಜುನ’ ಎಂದರೆ ಇವತ್ತಿಗೂ ಜನ ಕೂರುತ್ತಾರೆ. ಹಂದಿ ಯಾರದು ಎಂಬ ವಾದ ಇಬ್ಬರು ಒಳ್ಳೆಯ ಅರ್ಥಧಾರಿಗಳ ಬಾಯಿಗೆ ಬಿದ್ದರೆ ಬೆಳಗಾಗುವುದೇ ಗೊತ್ತಾಗುವುದಿಲ್ಲ.

ದುರ್ವಿನೀತನ ವಂಶದವನೇ ಶ್ರೀಪುರುಷ. ಅವನು ಆಳುತ್ತಿದ್ದ ಮಾನ್ಯಪುರ ಇಂದಿನ ನೆಲಮಂಗಲ ತಾಲ್ಲೂಕಿನ ಮಣ್ಣೆ. ಹೆಬ್ಬಾಳದಿಂದ ಒಂದು ದಿನದ ಕುದುರೆ ಸವಾರಿ. ಅವನ ಕಾಲದ ಕಲ್ಲೊಂದು 2018ರಲ್ಲಿ ಹೆಬ್ಬಾಳದಲ್ಲೇ, ಚರಂಡಿ ಕೆಲಸಕ್ಕೆ ಮಣ್ಣು ತೆಗೆಯುವಾಗ ಸಿಕ್ಕಿತು. ಸುಮಾರು ಕ್ರಿ.ಶ. 750ರದು, ಬೆಂಗಳೂರಿನಲ್ಲಿ ಇದುವರೆಗೆ ಸಿಕ್ಕ ಕನ್ನಡ ಶಾಸನಗಳಲ್ಲೆಲ್ಲ ಹಳೆಯದು ಎನ್ನುತ್ತಾರೆ. ಬೆಂಗಳೂರು ಎಂಬ ಹೆಸರನ್ನು ಬಾಯ್ದೆರೆದು ಹೇಳುವ ಬೇಗೂರಿನ ವೀರಗಲ್ಲಿಗಿಂತ ನೂರು ವರ್ಷಕ್ಕೂ ಹೆಚ್ಚು ಹಿರಿದು. ಪೆರ್ಬೊಳಲ್ನಾಡು ಮೂವತ್ತು ಎಂಬ ಪ್ರದೇಶದ ಮೇಲೆ ರಟ್ಟರು, ಅಂದರೆ ರಾಷ್ಟ್ರಕೂಟರ ಕಡೆಯವರು, ಏರಿಬಂದಾಗ ಕಿಟ್ಟಯ್ಯನೆಂಬವನು ಕಾದಾಡಿ ಸತ್ತ ಸಂಗತಿ ಅದರಲ್ಲಿದೆ. ಪೆರ್ಬೊಳಲು ಹೆಬ್ಬೊಳಲಾಗಿ, ಹೆಬ್ಬೊಳಲು ಹೆಬ್ಬಾಳವಾಯಿತು. ದೊಡ್ಡ ಪಟ್ಟಣ ಎಂದರ್ಥ. ಫ್ಲೈಓವರಿನ ಮೇಲೆ ಸಂಜೆ ಆರಕ್ಕೆ ಸಿಕ್ಕಿಬಿದ್ದವರಿಗೆ ಈ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನನ್ನು ಹಿಡಿದು ನಿಲ್ಲಿಸುವುದು ಆ ‘ಮೂವತ್ತು’. ಮೂವತ್ತು ಹಳ್ಳಿಗಳ ನಾಡು ಎಂದು ಅದರ ಲೆಕ್ಕ. ನಕಾಶೆ ಇಲ್ಲದ ಕಾಲ. ಇಪ್ಪತ್ತೊಂಬತ್ತನೆಯ ಹಳ್ಳಿ ಎಲ್ಲಿ ಮುಗಿಯಿತು, ಮೂವತ್ತನೆಯದು ಎಲ್ಲಿ ಶುರುವಾಯಿತು, ಅದರಾಚೆಯದು ಯಾರದು? ಊರಿನ ಹೊಲ ಮುಗಿದು ಕುರುಚಲು ಶುರುವಾಗುವ ಮೊರಡಿಯಲ್ಲಿ ಈ ಪ್ರಶ್ನೆ ಏಳುತ್ತಿತ್ತು. ರಾತ್ರಿ ಹಂದಿ ಇಳಿದು ಬರುವುದೂ ಅದೇ ಮೊರಡಿಯಿಂದ. ಪಕ್ಕದ ಊರಿನವರು ತುರು ಹೊಡೆದುಕೊಂಡು ಹೋಗುವುದೂ ಅದೇ ದಾರಿಯಲ್ಲಿ. ಕನ್ನಡದ ವೀರಗಲ್ಲುಗಳನ್ನು ವಿದ್ವಾಂಸರು ತುರುಗೋಳ್, ಪೆಣ್ಬುಯ್ಯಲ್, ಊರಳಿವು, ಗಡಿ ಕಾಳಗ, ಬೇಟೆ ಎಂದು ಬಗೆಬಗೆಯಾಗಿ ವಿಂಗಡಿಸುತ್ತಾರೆ. ಓದುವುದಕ್ಕೆ ಅನುಕೂಲ, ನಿಜ. ಆದರೆ ಅಂದಿನ ಊರಂಚಿನಲ್ಲಿ ಹಂದಿಗೆ ಈಟಿ ಎತ್ತಿದವನೂ ಗಡಿ ದಾಟಿದವನಿಗೆ ಕತ್ತಿ ಎತ್ತಿದವನೂ ಒಬ್ಬನೇ ಆಗಿರುತ್ತಿದ್ದ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಅವನ ಪಾಲಿಗೆ ಎರಡೂ ಒಂದೇ ಕಾವಲು. ಅವನ ಕಲ್ಲನ್ನೂ ಅಲ್ಲೇ, ಬಿದ್ದ ಕಡೆಯೇ ನೆಟ್ಟರು. ನೆಟ್ಟ ಮೇಲೆ ಕಲ್ಲೇ ಗುರುತಾಯಿತು. ‘ವೀರಗಲ್ಲಿನಿಂದ ಮೂಡಲಿಗೆ’ ಎಂದು ಮುಂದಿನವರು ಎಲ್ಲೆ ಹೇಳಲು ಶುರುಮಾಡಿದರು.

ಬೇಟೆಯೂ ನೆಲದ ಹಕ್ಕೂ ಒಂದೇ ಕಲ್ಲಿನಲ್ಲಿ ಹೆಣೆದುಕೊಂಡದ್ದನ್ನು ನೋಡಬೇಕಿದ್ದರೆ ಆತಕೂರಿನ ಶಾಸನ ಓದಬೇಕು. ಆತಕೂರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನದು; ಕಲ್ಲು ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949ರ ಸುಮಾರಿಗೆ ತಕ್ಕೋಲದಲ್ಲಿ ದೊಡ್ಡ ಯುದ್ಧ. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಅವನ ಕಡೆಗೆ ಗಂಗರ ಇಮ್ಮಡಿ ಬೂತುಗ. ಎದುರಿಗೆ ಚೋಳರ ರಾಜಾದಿತ್ಯ. ರಾಜಾದಿತ್ಯ ಸತ್ತ. ಆ ಯುದ್ಧದಲ್ಲಿ ಮಣಲೇರನೆಂಬ ವೀರ ಮೆರೆದ. ಮೆಚ್ಚಿದೆ, ಏನು ಬೇಕೋ ಕೇಳು ಎಂದರೆ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ.

ಆ ಕಾಳಿಯನ್ನು ಮುಂದೆ ಕೆಲಲೆನಾಡಿನ ಬೆಳತೂರಿನ ಪಡುವಣ ಮೊರಡಿಯಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಒಟ್ಟಿಗೇ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರನ ಎದುರಿಗೆ ಕಲ್ಲು ನಿಲ್ಲಿಸಿದ. ಮೇಲೆ ನಾಯಿ ಹಂದಿ ಕಾದುವ ಚಿತ್ರ, ಸುತ್ತ ಚಕ್ರವರ್ತಿಗಳ ಯುದ್ಧದ ವರದಿ. ಕಲ್ಲಿನ ಪೂಜೆಗೆಂದು ಕೆರೆಯ ಕೆಳಗೆ ಎರಡು ಖಂಡುಗ ಮಣ್ಣು ಬಿಟ್ಟ. ಖಂಡುಗವೆಂದರೆ ಬಿತ್ತುವ ಬೀಜದ ಲೆಕ್ಕ, ಇಪ್ಪತ್ತು ಕೊಳಗ; ಅಷ್ಟು ಬೀಜ ಹಿಡಿಯುವಷ್ಟು ಜಾಗ. ಅಂಥ ಮಣ್ಣಿಗೆ ಬದು ಇರುತ್ತದೆ, ಬದುವಿದ್ದಲ್ಲಿ ಪಕ್ಕದವನ ನೇಗಿಲು ಒಂದು ಗೇಣು ಈಚೆಗೆ ಬರುತ್ತದೆ. ಮಣಲೇರನಿಗೆ ಅದು ಗೊತ್ತಿತ್ತು. ಆದ್ದರಿಂದಲೇ ಆ ಮಣ್ಣನ್ನು ಕೆಡಿಸಿದವರು, ಒಕ್ಕಲಿರಲಿ ಆಳುವವರಿರಲಿ, ನಾಯಿ ಮಾಡಿದ ಪಾಪವನ್ನು ಹೊರಲಿ ಎಂದು ಬರೆಸಿದ. ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೂ ಅದೇ ಶಾಪ.

ಸಾಮಾನ್ಯ ದಾನಶಾಸನಗಳಲ್ಲಿ ನೆಲ ಕದ್ದವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗುತ್ತಾನೆ, ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾನೆ. ಆತಕೂರಿನಲ್ಲಿ ಹಾಗಿಲ್ಲ. ಒಂದು ನಾಯಿ ತನ್ನ ಆಯುಷ್ಯದಲ್ಲಿ ಎಷ್ಟು ಪ್ರಾಣಿ ಕೊಂದಿತ್ತೋ ಆ ಪಾಪದ ಗಂಟನ್ನೇ ಬೇಲಿ ಮಾಡಿ ಗದ್ದೆಯ ಸುತ್ತ ಕಟ್ಟಿದ್ದಾರೆ. ಬೇಟೆಯೇ ಗಡಿಯನ್ನು ಕಾಯುವುದು ಎಂದರೆ ಇದು. ಇಂಥ ಉಪಾಯ ಹೊಳೆದವನು ಬದುವಿನ ಜಗಳವನ್ನು ಹತ್ತಿರದಿಂದ ಕಂಡವನೇ ಸರಿ.

ಕಲ್ಲಿನಲ್ಲಿ ಗಡಿ ಬರೆಯುವ ಬೇರೆ ಪದ್ಧತಿಗಳೂ ನಮ್ಮಲ್ಲಿದ್ದವು. ವಿಷ್ಣು ದೇಗುಲಕ್ಕೆ, ಬ್ರಾಹ್ಮಣರಿಗೆ ಬಿಟ್ಟ ನೆಲಕ್ಕೆ ವಾಮನಮುದ್ರೆ, ಶಿವಾಲಯದ್ದಕ್ಕೆ ಲಿಂಗಮುದ್ರೆ, ಬಸದಿಯದ್ದಕ್ಕೆ ಮುಕ್ಕೊಡೆ. ಅಕ್ಷರ ಬಾರದವನಿಗೂ ಇದು ಯಾರ ಗದ್ದೆಯೆಂದು ಗೊತ್ತಾಗಬೇಕಲ್ಲ. ಶಾಸನದ ಕೊನೆಗೆ ಚತುಸ್ಸೀಮೆ: ಮೂಡಲಿಗೆ ಹುಣಸೆಮರ, ತೆಂಕಲಿಗೆ ಹಳ್ಳ, ಪಡುವಲಿಗೆ ಹುತ್ತ, ಬಡಗಲಿಗೆ ನಟ್ಟಕಲ್ಲು, ಹೀಗೆ. ಮರ ಬಿದ್ದರೆ, ಹುತ್ತ ಕರಗಿದರೆ ಏನು ಗತಿ ಎಂದು ಕೇಳಬೇಡಿ. ಹೆಬ್ಬಾಳದ ಆ ಇಬ್ಬರು ಹಿರಿಯರ ಕ್ರಯಪತ್ರದಲ್ಲೂ ‘ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಸ್ವತ್ತು’ ಎಂದಿದೆ. ಇಂಥವರು ಮಾರಿ ಹೋಗಿ ಎಷ್ಟು ಕಾಲವಾಯಿತೋ.

ಬೆಂಗಳೂರಿನ ಹುಟ್ಟಿನ ಕತೆಯಲ್ಲೂ ಬೇಟೆ ಇದೆ. ಯಲಹಂಕದ ಕೆಂಪೇಗೌಡರು ಬೇಟೆಗೆ ಹೊರಟಾಗ ಮೊಲವೊಂದು ಬೇಟೆನಾಯಿಯನ್ನೇ ಅಟ್ಟಿಸಿಕೊಂಡು ಹೋದದ್ದನ್ನು ಕಂಡು, ಇದು ಗಂಡು ಭೂಮಿ ಎಂದು ಅಲ್ಲಿ ಊರು ಕಟ್ಟಿದರಂತೆ. 1537ರಲ್ಲಿ ನಾಲ್ಕು ಜೊತೆ ಎತ್ತು ಹೂಡಿ ನಾಲ್ಕು ದಿಕ್ಕಿಗೆ ಉಳಿಸಿ ಬೀದಿ ಗುರುತಿಸಿದರಂತೆ. ಐತಿಹ್ಯ ಎಂದರೆ ಐತಿಹ್ಯ. ಮೊಲ ನಾಯಿಯನ್ನು ಓಡಿಸಿದ ಕತೆ ಹಂಪೆಗೂ ಇದೆ, ಇನ್ನೂ ಹಲವು ಊರುಗಳಿಗಿದೆ. ಆದರೆ ಊರಿನ ಎಲ್ಲೆ ಎಂದು ಜನ ಹೇಳುವ ನಾಲ್ಕು ಗೋಪುರಗಳು ಕಣ್ಣಮುಂದಿವೆ: ಲಾಲ್‌ಬಾಗಿನ ಬಂಡೆ, ಹಲಸೂರು ಕೆರೆ, ಕೆಂಪಾಂಬುಧಿ, ಮತ್ತು ಬಳ್ಳಾರಿ ರಸ್ತೆಯಲ್ಲಿ ಮೇಖ್ರಿ ವೃತ್ತದ ಬಳಿಯದು. ಅಂದರೆ ಆ ಲೆಕ್ಕದಲ್ಲಿ ಹೆಬ್ಬಾಳ ಗಡಿಯಾಚೆಯದು. ಬೇಟೆಯ ಕಡೆಯದು.

ಬೇಟೆಯ ಪಾಲಿನ ಜಗಳವನ್ನು ನಾನು ಕಂಡದ್ದಲ್ಲ, ಕೇಳಿದ್ದು. ಹೇಳಿದವರು ಮಲೆನಾಡಿನ ನನ್ನ ಸೋದರಮಾವ. ಅವರ ಯೌವನದ ಕಾಲ, ಕೋವಿಗೆ ಹೆದರಿಕೆಯಿಲ್ಲದ ಕಾಲ. ಭತ್ತ ಹಾಲುತುಂಬುವಾಗ ಹಂದಿಗಳು ಗದ್ದೆಗೆ ಇಳಿಯುತ್ತಿದ್ದವು. ಊರಿನವರು ಸೇರಿ ಹಳು ನುಗ್ಗುತ್ತಿದ್ದರು. ನಾಯಿ ಬಿಟ್ಟು, ಡಬ್ಬ ಬಡಿದು, ಕೂಗಿ ಸೋವುವವರು ಕೆಲವರು, ಹಂದಿ ಹಾಯುವ ಕಂಡಿಯಲ್ಲಿ ಬಿಲ್ಲಿಗೆ ನಿಲ್ಲುವವರು ಕೆಲವರು. ಬಿಲ್ಲು ಎಂದರೆ ಅಲ್ಲಿ ಬಾಣ ಬಿಡುವ ಬಿಲ್ಲಲ್ಲ, ಕೋವಿಯವನು ಕಾದು ನಿಲ್ಲುವ ಜಾಗ. ಬಾಣ ಹೋದರೂ ಪದ ಉಳಿದಿದೆ.

ಒಂದು ಸಲ ಮಾವನ ಈಡು ಹಂದಿಗೆ ತಾಗಿತು. ಹಂದಿ ನಿಲ್ಲಲಿಲ್ಲ. ಅಗಳು ಹಾರಿ, ಪಕ್ಕದ ಮನೆಯವರ ಬೇಣಕ್ಕೆ ನುಗ್ಗಿತು. ಅಗಳೆಂದರೆ ಆಸ್ತಿಯ ಸುತ್ತ ತೋಡಿದ ಆಳದ ಕಾಲುವೆ. ಮಲೆನಾಡಿನಲ್ಲಿ ಅದೇ ಬೇಲಿ, ಅದೇ ಗಡಿ. ಆಚೆಯವನೂ ಕೋವಿ ಹಿಡಿದು ನಿಂತಿದ್ದ. ಅವನೊಂದು ಈಡು ಹೊಡೆದ. ಹಂದಿ ಬಿತ್ತು. ಎರಡು ಮನೆಗೂ ಅಷ್ಟರಲ್ಲಾಗಲೇ ಸೊಪ್ಪಿನ ಬೆಟ್ಟದ ವಿಷಯದಲ್ಲಿ ಮಾತುಕತೆ ನಿಂತು ಎರಡು ಮಳೆಗಾಲ ಕಳೆದಿತ್ತು.

“ನಂದು ಗುಂಡು ಕಣೋ, ನಿಂದು ಬರೀ ಚರೆ. ಚರೆಗೆ ಹಂದಿ ಬೀಳ್ತದಾ?”

“ಗುಂಡಿಗೆ ಬಿದ್ದಿದ್ರೆ ನಿನ್ನ ಜಾಗದಲ್ಲೇ ಬೀಳ್ಬೇಕಿತ್ತಲ್ಲ ಮಾರಾಯ. ಅಗಳು ಹಾರಿದ್ದು ಹ್ಯಾಗೆ?”

ಹಂದಿಯನ್ನು ಸುಟ್ಟು, ಚರ್ಮ ಹೆರೆದು, ಗಾಯ ನೋಡಿದರು. ಗುಂಡಿನ ತೂತು ಪಕ್ಕೆಯಲ್ಲಿತ್ತು, ಚರೆ ಕತ್ತಿನಲ್ಲಿತ್ತು. ಬೇಟೆಯಲ್ಲಿ ಹಲ್ಲು ಉದುರಿಸಿಕೊಂಡಿದ್ದ ಊರಿನ ಹಿರಿಯನೊಬ್ಬನ ತೀರ್ಪೇ ಕೊನೆಯದು. ಮೊದಲ ಈಡಿನವನಿಗೆ ತಲೆ ಎಂದ. ನೆಲದವನಿಗೆ ಒಂದು ಪಾಲು, ಬೀಳಿಸಿದ್ದಕ್ಕೆ ಇನ್ನೊಂದು. ನಾಯಿಗಳಿಗೆ ಅವುಗಳ ಪಾಲು, ಹಳು ನುಗ್ಗಿದವರಿಗೆಲ್ಲ ಸಮಪಾಲು. ಊರೂರಿಗೆ ಈ ಲೆಕ್ಕ ಬೇರೆ, ಆದರೆ ನಾಯಿ ಪಾಲು ಮರೆತವನನ್ನು ಮುಂದಿನ ಸಲ ಯಾರೂ ಕರೆಯುತ್ತಿರಲಿಲ್ಲವಂತೆ. ಮಾವನಿಗೆ ತಲೆ ಬಂತು. ಪಕ್ಕದ ಮನೆಗೆ ಎರಡು ಪಾಲು ಹೋಯಿತು. ‘ತೂಕದಲ್ಲಿ ಅವನದೇ ಹೆಚ್ಚು’ ಎಂಬ ಕೊರಗು ಎಪ್ಪತ್ತು ದಾಟಿದ ಮೇಲೂ ಮಾವನಿಗೆ ಇತ್ತು. ಸೊಪ್ಪಿನ ಬೆಟ್ಟದ ಕೇಸು ಮಾತ್ರ ಇಬ್ಬರೂ ತೀರಿಕೊಂಡ ಮೇಲೆ ಮಕ್ಕಳು ರಾಜಿ ಮಾಡಿಕೊಂಡದ್ದು.

ಹಲ್ಲಿಲ್ಲದ ಆ ಅಜ್ಜ ಹೇಳಿದ ನ್ಯಾಯಕ್ಕೆ ಪಡುವಣ ದೇಶದ ಕೋರ್ಟುಗಳು ತಲೆ ಕೆಡಿಸಿಕೊಂಡಿವೆ. 1697ರಲ್ಲಿ ಇಂಗ್ಲೆಂಡಿನ ಮುಖ್ಯ ನ್ಯಾಯಾಧೀಶ ಹೋಲ್ಟ್ ಮೊಲದ ಕೇಸೊಂದರಲ್ಲಿ ಲೆಕ್ಕ ಹಾಕಿದ್ದು ಹೀಗೆ: ಒಬ್ಬನ ನೆಲದಲ್ಲಿ ಎಬ್ಬಿಸಿ ಅಲ್ಲೇ ಕೊಂದರೆ ಪ್ರಾಣಿ ನೆಲದವನದು. ಅಲ್ಲಿ ಎಬ್ಬಿಸಿ, ಅಟ್ಟಿಸಿಕೊಂಡು ಹೋಗಿ, ಇನ್ನೊಬ್ಬನ ನೆಲದಲ್ಲಿ ಕೊಂದರೆ ಪ್ರಾಣಿ ಬೇಟೆಗಾರನದು. ಆದರೆ ಅವನು ಎರಡೂ ನೆಲದವರಿಗೆ ಅತಿಕ್ರಮದ ದಂಡ ತೆರಬೇಕು. ಮಾವನ ಹಂದಿಗೆ ಇದನ್ನು ಹಚ್ಚಿ ನೋಡಿದರೆ ತಲೆ ಸುತ್ತುತ್ತದೆ. 1805ರಲ್ಲಿ ನ್ಯೂಯಾರ್ಕಿನಲ್ಲಿ ಇನ್ನೊಂದು. ಪೋಸ್ಟ್ ಎಂಬವನು ನಾಯಿಗಳೊಂದಿಗೆ ನರಿಯ ಬೆನ್ನು ಹತ್ತಿದ್ದ, ನಡುವೆ ಬಂದ ಪಿಯರ್ಸನ್ ಅದನ್ನು ಕೊಂದು ಹೊತ್ತೊಯ್ದ. ಬೆನ್ನು ಹತ್ತಿದ ಮಾತ್ರಕ್ಕೆ ಹಕ್ಕು ಬರುವುದಿಲ್ಲ, ಕೈವಶವಾಗಬೇಕು ಎಂದಿತು ಕೋರ್ಟು. ಒಬ್ಬ ನ್ಯಾಯಾಧೀಶ ಒಪ್ಪಲಿಲ್ಲ. ಇಂಥದ್ದನ್ನು ಬೇಟೆಗಾರರ ಪಂಚಾಯಿತಿಗೇ ಬಿಡಬೇಕಿತ್ತು ಎಂದು ಬರೆದ. ಅವನಿಗೆ ನಮ್ಮ ಅಜ್ಜ ಸಿಗಬೇಕಿತ್ತು.

ನಮ್ಮಲ್ಲಿ ಈಗ ಈ ಪ್ರಶ್ನೆಗೆ ಒಂದೇ ಸಾಲಿನ ಉತ್ತರವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸುತ್ತದೆ. ಅದರ 39ನೆಯ ಕಲಮಿನ ಪ್ರಕಾರ ಬೇಟೆಯಾಡಿದ ಕಾಡುಪ್ರಾಣಿ ಸರ್ಕಾರದ ಸ್ವತ್ತು. ಹೊಡೆದವನದೂ ಅಲ್ಲ, ನೆಲದವನದೂ ಅಲ್ಲ. ಪ್ರಾಣ ಉಳಿಸಿಕೊಳ್ಳಲು ಕೊಂದರೆ ಅಪರಾಧವಲ್ಲ, ಆಗಲೂ ಪ್ರಾಣಿ ಸರ್ಕಾರದ್ದೇ. ಬೆಳೆ ಹಾಳುಮಾಡುವ ಪ್ರಾಣಿಯನ್ನು ಕೊಲ್ಲಬೇಕಾದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಅಂದರೆ ಹೆಬ್ಬಾಳದ ಕಸದ ಆಟೋದ ಹೆಂಗಸು ಮಾಡಿದ್ದೇ ನಮ್ಮ ಕಾನೂನು: ಇಬ್ಬರೂ ಸರಿಯಿರಿ, ನಾನು ಹಾಕ್ಕೊಂಡು ಹೋಗ್ತೀನಿ.

ಕೊಡಗಿನ ಮಾತು ಸ್ವಲ್ಪ ಬೇರೆ. 1861ರಲ್ಲಿ ಮಾರ್ಕ್ ಕಬ್ಬನ್ ಕಾಲದ ಆದೇಶದಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಬಂತು. 2021ರಲ್ಲಿ ಕರ್ನಾಟಕ ಹೈಕೋರ್ಟು ಆ ವಿನಾಯಿತಿಯನ್ನು ಎತ್ತಿಹಿಡಿಯಿತು. ಹಿಂದೆ ಹುಲಿ ಕೊಂದವನಿಗೆ ಅಲ್ಲಿ ‘ನರಿ ಮಂಗಲ’ (ಕೊಡವ ಮಾತಿನಲ್ಲಿ ನರಿ ಎಂದರೆ ಹುಲಿ) ಮಾಡುತ್ತಿದ್ದರು, ಹುಲಿಯ ಜೊತೆ ಕೂರಿಸಿ ಮದುವೆಯಂತೆ ಮರ್ಯಾದೆ. ಈಗ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಕೋವಿಗೆ ವಿನಾಯಿತಿ ಇದೆಯೇ ಹೊರತು ಬೇಟೆಗಲ್ಲ. ತೆಂಗಿನಕಾಯಿ ಯಾರ ತೋಟಕ್ಕೂ ಓಡುವುದಿಲ್ಲ, ಆ ಮಟ್ಟಿಗೆ ನೆಮ್ಮದಿ.

ಬೇಟೆ ನಿಂತರೂ ಜಗಳ ನಿಂತಿಲ್ಲ, ರೂಪ ಬದಲಿಸಿದೆ. ಈಗಿನ ದೊಡ್ಡ ಪಿಡುಗು ಬೇಲಿಗೆ ಬಿಡುವ ಕರೆಂಟು. ಹಂದಿಗೆಂದು ರಾತ್ರಿ ಕಂಬದಿಂದ ತಂತಿ ಎಳೆದು ಬದುವಿನುದ್ದಕ್ಕೆ ಹಾಯಿಸುತ್ತಾರೆ. ಬೆಳಗಿನ ಜಾವ ನೀರು ಬಿಡಲು ಬಂದ ಪಕ್ಕದ ಹೊಲದವನು, ಇಲ್ಲವೇ ತಂತಿ ಕಟ್ಟಿದವನ ಮನೆಯವರೇ ಮುಟ್ಟಿ ಸಾಯುತ್ತಾರೆ. ಆನೆಗಳು ಸಾಯುತ್ತವೆ. ಇದನ್ನು ಬೇಟೆ ಎನ್ನಲೂ ಬಾಯಿ ಬರುವುದಿಲ್ಲ. ಬೇಟೆಯಲ್ಲಿ ಹಂದಿಗೂ ಒಂದು ಕಂಡಿ ಇರುತ್ತಿತ್ತು. ಹಂದಿಯ ಕಾಟ ಸುಳ್ಳೆಂದು ನಾನು ಹೇಳುತ್ತಿಲ್ಲ; ಒಂದೇ ರಾತ್ರಿಯಲ್ಲಿ ಮೆಕ್ಕೆಜೋಳ ನೆಲಸಮವಾದದ್ದನ್ನು ಕಂಡವನಿಗೆ ಉಪದೇಶ ರುಚಿಸುವುದಿಲ್ಲ. ಆದರೆ ಗಡಿಯಲ್ಲಿ ಎಳೆದ ತಂತಿಗೆ ನೆರೆಯವನು ಯಾರು, ಹಂದಿ ಯಾವುದು ಎಂಬ ಗುರುತಿಲ್ಲ.

ಗಡಿ ದೊಡ್ಡದಾದಷ್ಟೂ ಜಗಳ ದೊಡ್ಡದು. 2023ರ ಫೆಬ್ರವರಿಯಲ್ಲಿ ಚಾಮರಾಜನಗರದ ಅಂಚಿನ ಪಾಲಾರ್ ಬಳಿ, ಕಾವೇರಿಯ ಕಾಡಿನಲ್ಲಿ, ತಮಿಳುನಾಡಿನ ಕೆಲವರು ಜಿಂಕೆ ಬೇಟೆಗೆ ಬಂದಿದ್ದರು ಎಂದು ನಮ್ಮ ಅರಣ್ಯ ಸಿಬ್ಬಂದಿ ಹೇಳಿದರೆ, ಮೀನಿಗೆ ಹೋದವರು ಎಂದು ತಮಿಳುನಾಡಿನ ಕಡೆಯವರು ಹೇಳಿದರು. ಗುಂಡು ಹಾರಿತ್ತು, ಆಚೆಯ ಊರಿನವನೊಬ್ಬನ ಹೆಣ ನೀರಿನಲ್ಲಿ ಸಿಕ್ಕಿತು. ಗಡಿಯ ಚೆಕ್‌ಪೋಸ್ಟಿನಲ್ಲಿ ಬಸ್ಸುಗಳು ನಿಂತವು. ನದಿಯ ನಡುವೆ ಗಡಿ ಎಲ್ಲಿದೆಯೆಂದು ಹರಿಗೋಲಿಗೆ ಹೇಗೆ ಗೊತ್ತಾಗಬೇಕು?

ಮತ್ತೆ ಹೆಬ್ಬಾಳಕ್ಕೆ ಬರೋಣ. 1863ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸರ್ವೆ ಸೆಟಲ್ಮೆಂಟು ಶುರುವಾದ ಮೇಲೆ ಹುಣಸೆಮರ, ಹುತ್ತಗಳ ಕಾಲ ಮುಗಿಯಿತು. ಮೂವತ್ತಮೂರು ಅಡಿಯ ಸರಪಳಿ, ಅದರಲ್ಲಿ ಹದಿನಾರು ಆಣೆ. ಸರಪಳಿ ಉದ್ದ ಸರಪಳಿ ಅಗಲಕ್ಕೆ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಮೂಲೆಗೊಂದು ಬಾಂದುಕಲ್ಲು. ತಕರಾರು ಬಂದರೆ ಹದ್ದುಬಸ್ತಿಗೆ ಅರ್ಜಿ. ಮೋಜಿಣಿದಾರ ಟಿಪ್ಪಣಿ ಹಿಡಿದು ಬಂದು, ಸರಪಳಿ ಎಳೆದು, ಇಲ್ಲಿ ಎಂದು ಗುರುತು ಹಾಕಿ ಹೋಗುತ್ತಾನೆ. 1899ರಲ್ಲಿ ರಾಜಮಾತೆ ವಾಣಿವಿಲಾಸ ಸನ್ನಿಧಾನದವರು ಇಲ್ಲೇ 30 ಎಕರೆ ಕೊಟ್ಟು ಕೃಷಿ ಪ್ರಯೋಗದ ಫಾರಂ ಮಾಡಿಸಿದಾಗ ಸುತ್ತ ರಾಗಿಹೊಲ, ಕೆರೆ, ಕುರುಚಲು. ಆಗ ಒಂಬತ್ತು ಇಂಚಿಗೆ ಯಾರೂ ಜಗಳವಾಡಿರಲಾರರು. ಆಡಿದ್ದರೂ ಅದು ಹೆಗ್ಗಣದಿಂದ ಶುರುವಾಗಿರಲಿಲ್ಲ.

ಆ ಎರಡು ಮನೆಯವರ ಕಾಂಪೌಂಡನ್ನು ಈಚೆಗೆ ಕೆಡವಿದರು. ತಳಪಾಯ ತೆಗೆಯುವಾಗ ಚಪ್ಪಡಿಯೊಂದು ಸಿಕ್ಕಿತು ಎಂದು ಕೇಳಿ ಓಡಿಹೋದೆ. ಬರೀ ಚಪ್ಪಡಿ, ಅಕ್ಷರವಿರಲಿಲ್ಲ, ಚಿತ್ರವಿರಲಿಲ್ಲ. “ಏನ್ ಸಾರ್ ಹುಡುಕ್ತಿದ್ದೀರಾ?” ಎಂದ ಮೇಸ್ತ್ರಿ. ಕಿಟ್ಟಯ್ಯನ ಕತೆ ಹೇಳಿದೆ. ಅವನು ಕೇಳಿಸಿಕೊಂಡು, “ಹಂಗಾದ್ರೆ ಇಂಥ ಕಲ್ಲು ನಾವು ಬೇಕಾದಷ್ಟು ಒಡೆದಿದೀವಿ ಬಿಡಿ” ಎಂದ.

ಆದ್ದರಿಂದ ಉತ್ತರ ಬೆಂಗಳೂರಿನಲ್ಲಿ ಮನೆ ಕಟ್ಟಿಸುವವರಲ್ಲಿ, ಚರಂಡಿ ತೋಡಿಸುವವರಲ್ಲಿ, ಗಡಿಗೆ ಕಾಂಪೌಂಡು ಎಬ್ಬಿಸುವವರಲ್ಲಿ ಒಂದು ಕೋರಿಕೆ. ಮಣ್ಣಿನಲ್ಲಿ ಅಕ್ಷರದ ಕಲ್ಲು ಸಿಕ್ಕರೆ, ಕತ್ತಿ ಹಿಡಿದ ಮನುಷ್ಯನೋ ಹಂದಿಯ ಮೇಲೆ ಬಿದ್ದ ನಾಯಿಯೋ ಕೊರೆದ ಕಲ್ಲು ಸಿಕ್ಕರೆ, ಜೆಸಿಬಿಯವನಿಗೆ ನಿಲ್ಲು ಎನ್ನಿ. ಅದು ಬಿದ್ದಿರುವುದು ನಿಮ್ಮ ಜಾಗದಲ್ಲೋ ಪಕ್ಕದವರ ಜಾಗದಲ್ಲೋ ಎಂಬುದನ್ನು ಆಮೇಲೆ ನೋಡಿಕೊಳ್ಳೋಣ. ಮೊದಲು ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಗೆ, ಇಲ್ಲವೇ ರಾಜ್ಯದ ಪುರಾತತ್ವ ಇಲಾಖೆಗೆ ಒಂದು ಮಾತು ತಿಳಿಸಿ.